ಇಲ್ಲವೆನ್ನುವ ಅಧಿಕಾರ: ಅನುಪಲಬ್ಧಿ ಪ್ರಮಾಣವೂ ನೆಲದಾಳದ ಹರಳುಗಳೂ

ಕಾಣಲಿಲ್ಲ ಎಂಬ ಅನುಭವದಿಂದ ಇಲ್ಲ ಎಂಬ ತೀರ್ಮಾನಕ್ಕೆ ಹೋಗಲು ಯಾವ ಅಧಿಕಾರ ಬೇಕು ಎಂಬ ಪ್ರಶ್ನೆಯನ್ನು ಭಾರತೀಯ ಪ್ರಮಾಣಶಾಸ್ತ್ರ, ಅಂದರೆ ಸರಿಯಾದ ಅರಿವು ಯಾವ ದಾರಿಯಿಂದ ಹುಟ್ಟುತ್ತದೆಂದು ವಿಚಾರಿಸುವ ಶಾಸ್ತ್ರ, ಸಾವಿರ ವರ್ಷಗಳಿಗೂ ಮಿಕ್ಕಿ ಚರ್ಚಿಸಿದೆ. 7ನೆಯ ಶತಮಾನದ ಮೀಮಾಂಸಕ ಕುಮಾರಿಲಭಟ್ಟನು ಶ್ಲೋಕವಾರ್ತಿಕದಲ್ಲಿ ಅಭಾವದ ಅರಿವಿಗೆ ಪ್ರತ್ಯೇಕವಾದ ಆರನೆಯ ಪ್ರಮಾಣವೊಂದನ್ನು ಒಪ್ಪಿದನು. ಮುಂದೆ ಅದ್ವೈತಿಗಳೂ ಅದನ್ನು ಅನುಪಲಬ್ಧಿ ಎಂಬ ಹೆಸರಿನಿಂದ ಸ್ವೀಕರಿಸಿದರು. ಮೀಮಾಂಸಕರಲ್ಲಿಯೇ ಪ್ರಭಾಕರನ ಅನುಯಾಯಿಗಳು ಅದನ್ನು ನಿರಾಕರಿಸಿ, ನೆಲದ ಮೇಲೆ ಗಡಿಗೆಯಿಲ್ಲ ಎಂಬ ಅರಿವು ಬರಿಯ ನೆಲದ ಅರಿವಲ್ಲದೆ ಬೇರೇನೂ ಅಲ್ಲವೆಂದರು. ನೈಯಾಯಿಕರು ಅಭಾವವನ್ನು ಸ್ವತಂತ್ರ ಪದಾರ್ಥವೆಂದು ಒಪ್ಪಿದರೂ ಅದು ಕಣ್ಣಿಗೇ ಕಾಣುತ್ತದೆ, ಅದಕ್ಕೆಂದು ಹೊಸ ಪ್ರಮಾಣ ಬೇಕಿಲ್ಲ ಎಂದು ವಾದಿಸಿದರು. ಇಷ್ಟು ಭಿನ್ನಮತವಿದ್ದೂ ಒಂದು ವಿಷಯದಲ್ಲಿ ಎಲ್ಲರ ದೃಷ್ಟಿಯೂ ಒಂದೆಡೆ ಸೇರುತ್ತದೆ: ಕತ್ತಲ ಕೋಣೆಯಲ್ಲಿ ಗಡಿಗೆ ಕಾಣಲಿಲ್ಲವೆಂದು ಗಡಿಗೆ ಇಲ್ಲವೆನ್ನಲಾಗದು. ಇದ್ದಿದ್ದರೆ ಖಂಡಿತ ಕಾಣುತ್ತಿತ್ತು ಎನ್ನುವಂಥ ಸಾಮಗ್ರಿಯೆಲ್ಲ ಕೂಡಿರುವಾಗ ಕಾಣದೆಹೋದರೆ ಮಾತ್ರ ಆ ಕಾಣದಿರುವಿಕೆ ಅರಿವಾಗುತ್ತದೆ. ಇದನ್ನೇ ಯೋಗ್ಯಾನುಪಲಬ್ಧಿ ಎನ್ನುತ್ತಾರೆ.

ಬೌದ್ಧ ತಾರ್ಕಿಕ ಧರ್ಮಕೀರ್ತಿಯು ಈ ನಿಯಮಕ್ಕೆ ಇನ್ನಷ್ಟು ಬಿಗಿ ಕೊಟ್ಟನು. ಕಾಣತಕ್ಕ ವಸ್ತುವಿನ ಅನುಪಲಬ್ಧಿಯಿಂದ ಅಭಾವ ನಿಶ್ಚಯವಾಗುತ್ತದೆ. ದೇಶದಿಂದಲೋ ಕಾಲದಿಂದಲೋ ಸ್ವಭಾವದಿಂದಲೋ ನಮ್ಮ ಅರಿವಿಗೆ ದೂರವಾದ ವಸ್ತುವಿನ ಅನುಪಲಬ್ಧಿಯಿಂದ ಸಂಶಯವಷ್ಟೇ ಉಳಿಯುತ್ತದೆ. ಮೇರುಪರ್ವತ ದೇಶದಿಂದ ದೂರ, ಮುಂದೆ ಹುಟ್ಟುವ ರಾಜ ಕಾಲದಿಂದ ದೂರ, ಪಿಶಾಚಿ ಇದ್ದರೆ ಅದು ಸ್ವಭಾವದಿಂದಲೇ ದೂರ. ಎದುರಿಗೇ ನಿಂತಿದ್ದರೂ ಕಾಣದ ಜಾತಿಯದು. ಈ ಮೂರನೆಯ ವರ್ಗಕ್ಕೆ ಸೇರಿದ, ಆದರೆ ಪುರಾಣದಿಂದಲ್ಲದೆ ಗಣಿತದಿಂದ ಸೂಚಿತವಾದ ವಸ್ತುವೊಂದು ಇಂದಿನ ಭೌತವಿಜ್ಞಾನದ ಮುಂದಿದೆ. ಡಾರ್ಕ್ ಮ್ಯಾಟರ್ ಎಂದು ವಿಜ್ಞಾನಿಗಳು ಕರೆಯುವ ಕೃಷ್ಣದ್ರವ್ಯ ಬೆಳಕನ್ನು ಸೂಸುವುದಿಲ್ಲ, ಹೀರುವುದಿಲ್ಲ, ಚದರಿಸುವುದೂ ಇಲ್ಲ. 1933ರಲ್ಲಿ ಫ್ರಿಟ್ಸ್ ಜ್ವಿಕಿ ಗೆಲಾಕ್ಸಿಗಳ ಗುಂಪೊಂದರ ವೇಗಗಳಿಂದ, 1970ರ ದಶಕದಲ್ಲಿ ವೆರಾ ರೂಬಿನ್ ಮತ್ತು ಸಂಗಡಿಗರು ಗೆಲಾಕ್ಸಿಗಳು ತಿರುಗುವ ರೀತಿಯಿಂದ ಕಂಡುಕೊಂಡದ್ದು ಇಷ್ಟು: ಕಾಣುವ ದ್ರವ್ಯದ ಗುರುತ್ವವೊಂದರಿಂದಲೇ ಆ ಚಲನೆಯನ್ನು ವಿವರಿಸಲಾಗದು. ಇಂದಿನ ಲೆಕ್ಕದಂತೆ ವಿಶ್ವದ ದ್ರವ್ಯದಲ್ಲಿ ಸುಮಾರು ಶೇಕಡಾ 85 ಇಂಥದ್ದು. ಹೊಗೆಯಿಂದ ಬೆಂಕಿಯನ್ನು ಊಹಿಸುವ ಹಾಗೆ ಇದು ಅನುಮಾನಪ್ರಮಾಣದಿಂದ ಸಿದ್ಧವಾದ ವಸ್ತು. ಪ್ರತ್ಯಕ್ಷವಾಗಿ ಇನ್ನೂ ದೊರೆತಿಲ್ಲ. ಸ್ವಭಾವದಿಂದ ದೂರವಾದ ಈ ವಸ್ತುವನ್ನು ಕಾಣತಕ್ಕದ್ದನ್ನಾಗಿ ಮಾಡಬಹುದೇ, ಮಾಡಿದ ಮೇಲೂ ಕಾಣದಿದ್ದರೆ ಏನನ್ನು ಇಲ್ಲವೆನ್ನಬಹುದು ಎಂಬುದು ಕೇವಲ ಪ್ರಯೋಗಶಾಲೆಯ ಪ್ರಶ್ನೆಯಲ್ಲ, ಪ್ರಮಾಣಶಾಸ್ತ್ರದ ಪ್ರಶ್ನೆಯೂ ಹೌದು.

ಕೃಷ್ಣದ್ರವ್ಯದ ಕಣಗಳು ಸಾಮಾನ್ಯ ಪರಮಾಣುವಿನ ಬೀಜವನ್ನು ಅಪರೂಪಕ್ಕೊಮ್ಮೆ ತಾಕುತ್ತವೆ ಎಂಬ ಊಹೆಯ ಮೇಲೆ ಹುಡುಕಾಟ ನಿಂತಿದೆ. ತಾಕಿದಾಗ ಹೊಮ್ಮುವ ಶಕ್ತಿ ಕೆಲವೇ ಕಿಲೋ ಎಲೆಕ್ಟ್ರಾನ್‌ವೋಲ್ಟ್, ಅಂದರೆ ಒಂದು ಮೃದುವಾದ ಎಕ್ಸ್-ಕಿರಣದಷ್ಟು. ಭೂಮಿಯ ಮೇಲ್ಮೈಯಲ್ಲಿ ಅಂಗೈಯಗಲದ ಜಾಗವನ್ನು ಪ್ರತಿ ಸೆಕೆಂಡಿಗೆ ಒಂದಕ್ಕಿಂತ ಹೆಚ್ಚು ಮ್ಯುವಾನ್‌ಗಳು, ಅಂದರೆ ಬಾಹ್ಯಾಕಾಶದ ಕಿರಣಗಳು ವಾಯುಮಂಡಲಕ್ಕೆ ಬಡಿದಾಗ ಹುಟ್ಟುವ ಕಣಗಳು, ಹಾಯ್ದು ಹೋಗುತ್ತಿರುತ್ತವೆ. ಆ ಗದ್ದಲದಲ್ಲಿ ಇಂಥ ಸೂಕ್ಷ್ಮ ಸ್ಪರ್ಶವನ್ನು ಗುರುತಿಸುವುದು ಸಾಧ್ಯವಿಲ್ಲದ್ದರಿಂದ ಉಪಕರಣಗಳನ್ನು ಬೆಟ್ಟದ ಬುಡಕ್ಕೋ ಗಣಿಯ ಆಳಕ್ಕೋ ಒಯ್ಯಬೇಕಾಗುತ್ತದೆ. ಇಟಲಿಯ ಗ್ರಾನ್ ಸಾಸೊ ಪ್ರಯೋಗಾಲಯದ ಮೇಲೆ ಸುಮಾರು 1,400 ಮೀಟರ್ ಬಂಡೆಯಿದೆ. ಅದು ಮ್ಯುವಾನ್‌ಗಳನ್ನು ಹತ್ತು ಲಕ್ಷದಲ್ಲಿ ಒಂದಕ್ಕೆ ಇಳಿಸುತ್ತದೆ.

ಈ ಮಾರ್ಗದಲ್ಲಿ ಕರ್ನಾಟಕದ ನೆಲಕ್ಕೆ ಹಿರಿಯ ಸ್ಥಾನವಿದೆ. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ 1950ರ ದಶಕದ ಆರಂಭದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಪರವಾಗಿ ಕೋಲಾರದ ಚಿನ್ನದ ಗಣಿಗಳ ಬೇರೆ ಬೇರೆ ಆಳಗಳಲ್ಲಿ ಮ್ಯುವಾನ್‌ಗಳನ್ನು ಎಣಿಸುವ ಕೆಲಸ ಆರಂಭಿಸಿದರು. 1960ರ ದಶಕದ ಮೊದಲಲ್ಲಿ ಆ ಎಣಿಕೆ 2.7 ಕಿಲೋಮೀಟರ್ ಆಳವನ್ನು ತಲುಪಿದಾಗ ಸುಮಾರು ಎರಡು ತಿಂಗಳು ಕಾದರೂ ಒಂದು ಮ್ಯುವಾನ್ ಕೂಡ ದಾಖಲಾಗಲಿಲ್ಲ. ಈ ಶೂನ್ಯವನ್ನು ಆ ವಿಜ್ಞಾನಿಗಳು ವೈಫಲ್ಯವೆಂದು ಬಗೆಯಲಿಲ್ಲ. ಮೇಲಿನ ಮಟ್ಟಗಳಲ್ಲಿ ಅದೇ ಬಗೆಯ ಉಪಕರಣಗಳು ಆಳಕ್ಕೆ ತಕ್ಕಂತೆ ಇಳಿಯುವ ಎಣಿಕೆಯನ್ನು ತಪ್ಪದೆ ಕೊಟ್ಟಿದ್ದರಿಂದ ಅವುಗಳ ಯೋಗ್ಯತೆ ಸಿದ್ಧವಾಗಿತ್ತು. ಆದ್ದರಿಂದ ಅಲ್ಲಿ ಕಾಣದಿರುವುದೇ ಒಂದು ಫಲಿತಾಂಶವಾಯಿತು, ನ್ಯೂಟ್ರಿನೋಗಳನ್ನು, ಅಂದರೆ ದ್ರವ್ಯವನ್ನು ತೀರ ಅಪರೂಪಕ್ಕೆ ತಾಕುವ ಕಣಗಳನ್ನು, ಹುಡುಕಲು ತಕ್ಕ ನಿಶ್ಶಬ್ದ ಅಲ್ಲಿದೆಯೆಂಬ ಭರವಸೆಯಾಯಿತು. 1965ರಲ್ಲಿ ಅದೇ ಗಣಿಗಳಲ್ಲಿ ವಾಯುಮಂಡಲದ ನ್ಯೂಟ್ರಿನೋಗಳು ಪತ್ತೆಯಾದವು. ಶ್ರೀಕಂಠನ್ ತಮ್ಮ ಕೊನೆಯ ದಶಕಗಳಲ್ಲಿ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿದ್ದು ವಿಜ್ಞಾನ ಮತ್ತು ತತ್ತ್ವಶಾಸ್ತ್ರಗಳ ನಂಟನ್ನು ಚಿಂತಿಸಿದ್ದು ಆಕಸ್ಮಿಕವೆಂದು ತೋರುವುದಿಲ್ಲ.

ಬಂಡೆಯ ಕೆಳಗೆ ಹೋದ ಮಾತ್ರಕ್ಕೆ ಯೋಗ್ಯತೆ ಪೂರ್ಣವಾಗದು. ಹೊರಗಿನ ಗದ್ದಲ ಅಡಗಿದ ಮೇಲೆ ಕೇಳಿಸತೊಡಗುವುದು ಕಾಣುವ ಸಾಧನದ್ದೇ ಗದ್ದಲ. ಈ ಹುಡುಕಾಟದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಸಾಧನವೆಂದರೆ ಥ್ಯಾಲಿಯಂ ಲೇಶವನ್ನು ಬೆರೆಸಿದ ಸೋಡಿಯಂ ಅಯೊಡೈಡ್ ಹರಳು. 1948ರಲ್ಲಿ ರಾಬರ್ಟ್ ಹಾಫ್‌ಸ್ಟಾಡ್ಟರ್ ಇದರ ಗುಣವನ್ನು ಕಂಡರು: ವಿಕಿರಣ ತಾಕಿದಾಗ ಹರಳು ನೀಲಿ ಬೆಳಕಿನ ಅತಿ ಕ್ಷಣಿಕ ಮಿನುಗನ್ನು ಕೊಡುತ್ತದೆ, ಒಂದು ಕಿಲೋ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಗೆ ಸುಮಾರು 40 ಬೆಳಕಿನ ಕಣಗಳಂತೆ. ಹರಳಿನ ಎರಡೂ ತುದಿಗೆ ಕೂರಿಸಿದ ಫೋಟೋಮಲ್ಟಿಪ್ಲಯರ್ ನಳಿಕೆಗಳು ಆ ಬೆಳಕನ್ನು ವಿದ್ಯುತ್ ಸ್ಪಂದನವಾಗಿ ಬದಲಿಸುತ್ತವೆ. ಇಂಥ ಹರಳಿನಲ್ಲಿ ಸೇರಿಕೊಳ್ಳುವ ಕಲ್ಮಷಗಳಲ್ಲಿ ಅತ್ಯಂತ ಕಾಡುವುದು ಪೊಟ್ಯಾಸಿಯಂ, ಏಕೆಂದರೆ ಅದು ರಾಸಾಯನಿಕವಾಗಿ ಸೋಡಿಯಂನ ಸೋದರ. ಲವಣದಿಂದ ಅದನ್ನು ಬೇರ್ಪಡಿಸುವುದು ಬಹಳ ಕಷ್ಟ. ಪ್ರಕೃತಿಯ ಪೊಟ್ಯಾಸಿಯಂನಲ್ಲಿ ಹತ್ತು ಸಾವಿರಕ್ಕೆ ಒಂದಂಶಕ್ಕಿಂತ ಸ್ವಲ್ಪ ಹೆಚ್ಚು ಭಾಗ ವಿಕಿರಣಶೀಲ ಪೊಟ್ಯಾಸಿಯಂ-40. ಅದರ ಅರ್ಧಾಯು, ಅಂದರೆ ಇರುವ ಪರಮಾಣುಗಳಲ್ಲಿ ಅರ್ಧ ಕ್ಷಯಿಸಲು ಹಿಡಿಯುವ ಕಾಲ, 125 ಕೋಟಿ ವರ್ಷ. ಮನುಷ್ಯದೇಹದಲ್ಲಿಯೇ ಪ್ರತಿ ಸೆಕೆಂಡಿಗೆ ನಾಲ್ಕು ಸಾವಿರದಷ್ಟು ಪೊಟ್ಯಾಸಿಯಂ-40 ಪರಮಾಣುಗಳು ಕ್ಷಯಿಸುತ್ತಿರುತ್ತವೆ. ಈ ಕ್ಷಯದ ಒಂದು ದಾರಿಯಲ್ಲಿ 1,460 ಕಿಲೋ ಎಲೆಕ್ಟ್ರಾನ್‌ವೋಲ್ಟ್‌ನ ಗಾಮಾ ಕಿರಣವೂ ಜತೆಗೆ ಸುಮಾರು 3 ಕಿಲೋ ಎಲೆಕ್ಟ್ರಾನ್‌ವೋಲ್ಟ್‌ನ ಸಣ್ಣ ಮಿನುಗೂ ಹೊರಡುತ್ತವೆ. ಗಾಮಾ ಕಿರಣ ಹರಳನ್ನು ಬಿಟ್ಟು ಪಾರಾದರೆ ಒಳಗುಳಿಯುವ ಆ ಸಣ್ಣ ಮಿನುಗು ಕೃಷ್ಣದ್ರವ್ಯದ ಸ್ಪರ್ಶವನ್ನು ನಿರೀಕ್ಷಿಸುವ ಶಕ್ತಿಯ ಪಟ್ಟಿಯಲ್ಲೇ ಬಂದು ಕೂರುತ್ತದೆ.

ಆದ್ದರಿಂದ ಹರಳಿನ ಪರೀಕ್ಷೆ ಅದು ಹರಳಾಗುವ ಮೊದಲೇ ಶುರುವಾಗುತ್ತದೆ. ಪುಡಿಯ ರೂಪದ ಲವಣವನ್ನು ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ, ಅಂದರೆ ಪರಮಾಣುಗಳನ್ನು ತೂಕದ ಪ್ರಕಾರ ಬಿಡಿಸಿ ಎಣಿಸುವ ಯಂತ್ರದಲ್ಲಿ, ಶೋಧಿಸಿ ನೂರು ಕೋಟಿ ಭಾಗಗಳಲ್ಲಿ ಎಷ್ಟು ಭಾಗ ಪೊಟ್ಯಾಸಿಯಂ ಇದೆಯೆಂದು ನೋಡುತ್ತಾರೆ. ಗ್ರಾನ್ ಸಾಸೊದ ಡಾಮಾ ಪ್ರಯೋಗದ ಹರಳುಗಳಲ್ಲಿ ಇದು ಹತ್ತರಿಂದ ಇಪ್ಪತ್ತು ಭಾಗಗಳ ನಡುವೆ ಇತ್ತು; ಸೇಬರ್ ಎಂಬ ಹೊಸ ಪ್ರಯೋಗಕ್ಕಾಗಿ ಬೆಳೆಸಿದ ಒಂದು ಹರಳಿನಲ್ಲಿ ಸುಮಾರು ನಾಲ್ಕಕ್ಕೆ ಇಳಿದಿದೆ. ಕರಗಿದ ಲವಣ ನಿಧಾನವಾಗಿ ಗಟ್ಟಿಯಾಗುವಾಗ ಪೊಟ್ಯಾಸಿಯಂ ದ್ರವಭಾಗದಲ್ಲಿ ಉಳಿಯಲು ಬಯಸುವುದರಿಂದ, ಕರಗಿದ ಪಟ್ಟಿಯೊಂದನ್ನು ಲವಣದ ಉದ್ದಕ್ಕೂ ಮತ್ತೆ ಮತ್ತೆ ಸರಿಸಿ ಕಲ್ಮಷವನ್ನು ಒಂದು ತುದಿಗೆ ತಳ್ಳುವ ವಿಧಾನವೂ ಇದೆ. ಗಾಳಿಯಲ್ಲಿರುವ ರೇಡಾನ್ ಅನಿಲ ಇನ್ನೊಂದು ಶತ್ರು. ಅದರ ಸ್ವಂತ ಅರ್ಧಾಯು ನಾಲ್ಕು ದಿನಕ್ಕೂ ಕಡಿಮೆ, ಆದರೆ ಅದು ಕ್ಷಯಿಸಿ ಬಿಟ್ಟುಹೋಗುವ ಸೀಸ-210ರ ಅರ್ಧಾಯು ಸುಮಾರು 22 ವರ್ಷ. ತಯಾರಿಕೆಯ ಹೊತ್ತಿನಲ್ಲಿ ಗಾಳಿಗೆ ತೆರೆದಿಟ್ಟ ಒಂದು ಗಳಿಗೆ ಇಡೀ ಪ್ರಯೋಗದ ಆಯುಸ್ಸಿನುದ್ದಕ್ಕೂ ಬೆನ್ನು ಹತ್ತುತ್ತದೆ. ಸ್ಪೇನ್‌ನ ಅನೈಸ್ ಪ್ರಯೋಗದಲ್ಲಿ ಹರಳುಗಳ ಸುತ್ತ ಹತ್ತು ಸೆಂಟಿಮೀಟರ್ ದಪ್ಪದ ಪುರಾತನ ಸೀಸವನ್ನು ಜೋಡಿಸಿರುವುದು ಇದೇ ಕಾರಣಕ್ಕೆ: ಹಿಂದಿನ ಶತಮಾನಗಳಲ್ಲಿ ಅದಿರಿನಿಂದ ಬೇರ್ಪಟ್ಟ ಆ ಲೋಹದಲ್ಲಿದ್ದ ಸೀಸ-210 ಎಂದೋ ಕ್ಷಯಿಸಿ ಮುಗಿದಿದೆ.

ಪುಡಿಯ ಪರೀಕ್ಷೆ ಮುಗಿದ ಮೇಲೆ ಉಳಿಯುವುದು ಹರಳಿನ ಪರೀಕ್ಷೆ, ಮತ್ತು ಇಲ್ಲಿ ತತ್ತ್ವದೃಷ್ಟಿಗೆ ಅತ್ಯಂತ ಬೆಲೆಯುಳ್ಳ ಸಂಗತಿಯೊಂದು ಎದುರಾಗುತ್ತದೆ. ನೂರು ಕೋಟಿಯಲ್ಲಿ ಕೆಲವೇ ಭಾಗಗಳಷ್ಟು ಕಲ್ಮಷವನ್ನು ಹರಳನ್ನು ಒಡೆಯದೆ ಅಳೆಯಲು ಹೊರಗಿನ ಸಾಧನಗಳಿಗಿಂತ ಹರಳೇ ಉತ್ತಮ ಸಾಧನ. ಅದನ್ನು ನೆಲದಾಳದಲ್ಲಿಟ್ಟು, ಸುತ್ತಲೂ ಬೇರೆ ಶೋಧಕಗಳನ್ನಿರಿಸಿ, ತಿಂಗಳುಗಟ್ಟಲೆ ಅದರ ಮಿನುಗುಗಳನ್ನು ದಾಖಲಿಸುತ್ತಾರೆ. ಹೊರಗಿನ ಶೋಧಕದಲ್ಲಿ 1,460ರ ಗಾಮಾ ಸಿಕ್ಕ ಕ್ಷಣದಲ್ಲೇ ಒಳಗೆ 3ರ ಮಿನುಗು ಕಂಡರೆ ಅದು ಪೊಟ್ಯಾಸಿಯಂನ ಸಹಿ. ಸೀಸ-210ರ ಸಂತತಿಯಾದ ಪೊಲೋನಿಯಂ-210 ಆಲ್ಫಾ ಕಣವನ್ನು ಸೂಸುವಾಗ ಹರಳಿನ ಸ್ಪಂದನದ ಆಕಾರವೇ ಬೇರೆಯಾಗಿರುತ್ತದೆ. ಅದರ ಅರ್ಧಾಯು 138 ದಿನವಾದ್ದರಿಂದ ಆಲ್ಫಾ ಎಣಿಕೆ ತಿಂಗಳಿಂದ ತಿಂಗಳಿಗೆ ಏರುವ ಪರಿಯನ್ನು ನೋಡಿ ಕಲ್ಮಷ ಯಾವ ಹೊತ್ತಿಗೆ ಒಳಹೊಕ್ಕಿತೆಂದು ಕೂಡ ಹೇಳಬಹುದು. ಹೀಗೆ ಪ್ರಮೇಯವೂ, ಅಂದರೆ ಅರಿಯಬೇಕಾದ ವಸ್ತುವೂ, ಪ್ರಮಾಣವೂ ಒಂದೇ ಆಗಿ, ಹರಳು ತನ್ನ ದೋಷವನ್ನು ತನ್ನ ಬೆಳಕಿನಿಂದಲೇ ತೋರಿಸುತ್ತದೆ. ಇನ್ನೂ ಮುಖ್ಯವಾದ ಮಾತೆಂದರೆ, ಹರಳು ಒಂದು ಕಿಲೋ ಎಲೆಕ್ಟ್ರಾನ್‌ವೋಲ್ಟ್‌ನಷ್ಟು ಕೆಳಗೆ ನಿಜವಾಗಿ ಕಾಣಬಲ್ಲುದೇ ಎಂಬುದಕ್ಕೆ ಅನೈಸ್ ತಂಡ ಬಳಸುವ ಸಾಕ್ಷಿ ಈ ಕಲ್ಮಷಗಳೇ: ಪೊಟ್ಯಾಸಿಯಂ-40ರ 3.2 ಮತ್ತು ಸೋಡಿಯಂ-22ರ 0.87 ಕಿಲೋ ಎಲೆಕ್ಟ್ರಾನ್‌ವೋಲ್ಟ್‌ನ ಮಿನುಗುಗಳು. ಸಂಪೂರ್ಣ ನಿಷ್ಕಲಂಕವಾದ ಹರಳು ಒಂದು ವೇಳೆ ದೊರೆತರೆ ಅದರ ಮೌನವು ಶುದ್ಧಿಯ ಮೌನವೋ ಕುರುಡಿನ ಮೌನವೋ ಎಂದು ಒಳಗಿನಿಂದ ಹೇಳಲು ಯಾವ ಗುರುತೂ ಉಳಿಯುವುದಿಲ್ಲ.

ಪ್ರಭಾಕರನ ವಾದವನ್ನು ಇಲ್ಲಿ ಮತ್ತೆ ತೂಗಿನೋಡಬೇಕು. ಅಭಾವದ ಅರಿವು ಬರಿಯ ನೆಲದ ಅರಿವಷ್ಟೇ ಎಂಬ ಮಾತು ಗಡಿಗೆಯ ಮಟ್ಟಿಗೆ ಸೊಗಸಾಗಿ ಹೊಂದುತ್ತದೆ. ಆದರೆ ಹರಳಿನಲ್ಲಿ ಬರಿಯ ನೆಲವೆಂಬುದೇ ಇಲ್ಲ. ಎಷ್ಟು ಶುದ್ಧಗೊಳಿಸಿದರೂ ದಿನಕ್ಕೆ, ಕಿಲೋಗ್ರಾಮಿಗೆ, ಒಂದು ಕಿಲೋ ಎಲೆಕ್ಟ್ರಾನ್‌ವೋಲ್ಟ್ ಅಗಲಕ್ಕೆ ಒಂದರ ಆಸುಪಾಸಿನ ಎಣಿಕೆ ಉಳಿದೇ ಇರುತ್ತದೆ. ಅಭಾವವನ್ನು ತಿಳಿಯಬೇಕಾದವನು ಈ ಮಿನುಗುಗಳಲ್ಲಿ ಇಷ್ಟು ಪೊಟ್ಯಾಸಿಯಂನದು, ಇಷ್ಟು ಸೀಸದ್ದು, ಇಷ್ಟು ಬಾಹ್ಯಾಕಾಶದ ಕಿರಣಗಳಿಂದ ಹರಳಿನೊಳಗೆ ಹುಟ್ಟಿದ ಟ್ರಿಟಿಯಂನದು ಎಂದು ಲೆಕ್ಕ ಒಪ್ಪಿಸಿ, ಯಾರದೂ ಅಲ್ಲದ ಶೇಷ ಉಳಿಯಲಿಲ್ಲವೆಂದು ತೋರಿಸಬೇಕು. ಈ ಅರಿವು ನೆಲವನ್ನು ನೋಡಿದ ಮಾತ್ರಕ್ಕೆ ಹುಟ್ಟುವುದಿಲ್ಲ. ಇದ್ದಿದ್ದರೆ ಹೇಗಿರುತ್ತಿತ್ತು ಎಂಬ ತರ್ಕದ ನೆರವು ಅದಕ್ಕೆ ಬೇಕೇ ಬೇಕು. ಕುಮಾರಿಲನ ಪರಂಪರೆ ಅಭಾವಕ್ಕೆ ಪ್ರತ್ಯೇಕ ಪ್ರಮಾಣವನ್ನು ಬೇಡಿದ್ದರ ಬಲ ಈ ಉದಾಹರಣೆಯಲ್ಲಿ ಗಡಿಗೆಯ ಉದಾಹರಣೆಗಿಂತ ಸ್ಪಷ್ಟವಾಗುತ್ತದೆ.

ಕಾಣದಿರುವಿಕೆಗೆ ಯೋಗ್ಯತೆ ಬೇಕಾದಂತೆ ಕಂಡದ್ದಕ್ಕೂ ಪರೀಕ್ಷೆ ಬೇಕು. ಗ್ರಾನ್ ಸಾಸೊದಲ್ಲಿ ರೀಟಾ ಬೆರ್ನಬೆಯ್ ಅವರ ಮುಂದಾಳತ್ವದ ಡಾಮಾ ತಂಡ 1990ರ ದಶಕದಿಂದ ಸುಮಾರು 100 ಕಿಲೋಗ್ರಾಮ್, 2003ರಿಂದ ಸುಮಾರು 250 ಕಿಲೋಗ್ರಾಮ್ ಹರಳುಗಳನ್ನು ಕಾದು, ಎಣಿಕೆಯಲ್ಲಿ ವಾರ್ಷಿಕ ಏರಿಳಿತವೊಂದನ್ನು ಕಂಡಿತು. ಸೂರ್ಯನು ಗೆಲಾಕ್ಸಿಯ ಕೇಂದ್ರವನ್ನು ಸೆಕೆಂಡಿಗೆ ಸುಮಾರು 220 ಕಿಲೋಮೀಟರ್ ವೇಗದಲ್ಲಿ ಸುತ್ತುತ್ತಾನೆ; ಭೂಮಿ ಸೂರ್ಯನನ್ನು 30 ಕಿಲೋಮೀಟರ್ ವೇಗದಲ್ಲಿ ಸುತ್ತುವುದರಿಂದ ಜೂನ್ ಮೊದಲಲ್ಲಿ ಕೃಷ್ಣದ್ರವ್ಯದ ಎದುರುಗಾಳಿ ಕೊಂಚ ಹೆಚ್ಚು, ಡಿಸೆಂಬರ್‌ನಲ್ಲಿ ಕೊಂಚ ಕಡಿಮೆ ಆಗಬೇಕೆಂದು 1986ರಲ್ಲಿಯೇ ಡ್ರುಕಿಯರ್, ಫ್ರೀಸ್ ಮತ್ತು ಸ್ಪರ್ಗೆಲ್ ಲೆಕ್ಕ ಹಾಕಿದ್ದರು. ಡಾಮಾ ಕಂಡ ಏರಿಳಿತ ಒಟ್ಟು ಎಣಿಕೆಯ ಶೇಕಡಾ ಒಂದರಷ್ಟು, ಶಿಖರ ಜೂನ್ ಮೊದಲ ವಾರದ ಸುತ್ತ, ಮತ್ತು ಅದು ಆಕಸ್ಮಿಕವೆನ್ನಲು ಅವಕಾಶವೇ ಇಲ್ಲದಷ್ಟು ದೃಢ.

ಅರಿವು ತಾನಾಗಿಯೇ ಪ್ರಮಾಣ, ಬಾಧಕ ತೋರುವವರೆಗೆ ಅದನ್ನು ನಂಬಬೇಕು ಎಂಬುದು ಮೀಮಾಂಸಕರ ಸ್ವತಃಪ್ರಾಮಾಣ್ಯವಾದ. ಮಧ್ವಾಚಾರ್ಯರ ಪರಂಪರೆಯೂ ಪ್ರಾಮಾಣ್ಯ ಸ್ವತಃಸಿದ್ಧವೆಂದೇ ಒಪ್ಪುತ್ತದೆ. ಪ್ರತ್ಯಕ್ಷ, ಅನುಮಾನ, ಆಗಮ ಎಂಬ ಮೂರೇ ಪ್ರಮಾಣಗಳನ್ನಿಟ್ಟುಕೊಂಡು ಅನುಪಲಬ್ಧಿಯನ್ನು ಅವುಗಳೊಳಗೇ ಅಡಗಿಸುತ್ತದೆ. ಆದರೆ ಇದೇ ಪರಂಪರೆ ಪರೀಕ್ಷಿತ ಪ್ರತ್ಯಕ್ಷವೆಂಬ ಇನ್ನೊಂದು ಮಾತನ್ನು ಜತೆಗಿಟ್ಟಿದೆ. ವಿಜಯನಗರದ ಕಾಲದ ವ್ಯಾಸತೀರ್ಥರು ನ್ಯಾಯಾಮೃತದಲ್ಲಿ ಪ್ರತ್ಯಕ್ಷದ ಬಲವನ್ನು ಸಮರ್ಥಿಸುವಾಗ, ಪರೀಕ್ಷೆಯೆಂದರೆ ಸಜಾತೀಯ ಮತ್ತು ವಿಜಾತೀಯ ಅರಿವುಗಳೊಡನೆ ಸಂವಾದವಿರುವುದು ಹಾಗೂ ವಿಸಂವಾದವಿಲ್ಲದಿರುವುದು ಎಂಬ ಆಶಯವನ್ನು ಮುಂದಿಡುತ್ತಾರೆ. ಕಣ್ಣು ಕಂಡದ್ದನ್ನು ಇನ್ನೊಬ್ಬರ ಕಣ್ಣೂ ಕಂಡರೆ ಅದು ಸಜಾತೀಯ ಸಂವಾದ; ಕೈಯೂ ಮುಟ್ಟಿ ಒಪ್ಪಿದರೆ ವಿಜಾತೀಯ ಸಂವಾದ. ಹರಳುಗಳ ವಿವಾದವನ್ನು ತಿಳಿಯಲು ಇದಕ್ಕಿಂತ ತಕ್ಕ ಚೌಕಟ್ಟು ಸಿಗುವುದು ಕಷ್ಟ. ದ್ರವ ಕ್ಸೆನಾನ್ ಬಳಸುವ ಪ್ರಯೋಗಗಳು, ಗ್ರಾನ್ ಸಾಸೊದ ಕ್ಸೆನಾನ್ ಸರಣಿ ಮತ್ತು ಅಮೆರಿಕದ ದಕ್ಷಿಣ ಡಕೋಟಾದ ಎಲ್‌ಜಡ್, ಹಲವು ಪಟ್ಟು ಹೆಚ್ಚು ಸೂಕ್ಷ್ಮವಾಗಿಯೂ ಏನನ್ನೂ ಕಾಣಲಿಲ್ಲ. ಆದರೆ ಅದು ವಿಜಾತೀಯ ವಿಸಂವಾದ. ಕೃಷ್ಣದ್ರವ್ಯ ಸೋಡಿಯಂ ಅಥವಾ ಅಯೊಡಿನ್‌ನೊಡನೆ ವ್ಯವಹರಿಸುವಂತೆ ಕ್ಸೆನಾನ್‌ನೊಡನೆ ವ್ಯವಹರಿಸದೆ ಇರಬಹುದೆಂಬ ದಾರಿ ತೆರೆದೇ ಇತ್ತು. ಸಜಾತೀಯ ಪರೀಕ್ಷೆಗಾಗಿಯೇ ಅದೇ ದ್ರವ್ಯದ ಬೇರೆ ಹರಳುಗಳು ಬೇಕಾದವು.

ದಕ್ಷಿಣ ಕೊರಿಯಾದ ಯಾಂಗ್‌ಯಾಂಗ್‌ನಲ್ಲಿ 2016ರಲ್ಲಿ ಆರಂಭವಾದ ಕೊಸೈನ್-100, 106 ಕಿಲೋಗ್ರಾಮ್ ಹರಳುಗಳೊಂದಿಗೆ 2023ರವರೆಗೆ ನಡೆಯಿತು. ಪಿರನೀಸ್ ಪರ್ವತದಡಿಯ ಕಾನ್‌ಫ್ರಾಂಕ್‌ನಲ್ಲಿ ಜರಗೋಸಾ ವಿಶ್ವವಿದ್ಯಾಲಯದ ಅನೈಸ್ ತಂಡ 2017ರಿಂದ 112.5 ಕಿಲೋಗ್ರಾಮ್ ತೂಕದ ಒಂಬತ್ತು ಹರಳುಗಳನ್ನು ಕಾಯುತ್ತ ಬಂದಿದೆ. ಇವೆರಡರ ಹರಳುಗಳು ಡಾಮಾ ಹರಳುಗಳಷ್ಟು ನಿಶ್ಶಬ್ದವಾಗಿರಲಿಲ್ಲ. ಕಡಿಮೆ ಯೋಗ್ಯತೆಯನ್ನು ಹೆಚ್ಚು ಕಾಲದ ಕಾಯುವಿಕೆಯಿಂದ ತುಂಬಿಕೊಳ್ಳಬೇಕಾಯಿತು. 2018ರಲ್ಲಿ ಕೊಸೈನ್ ತನ್ನ ಮೊದಲ 59.5 ದಿನಗಳ ದಾಖಲೆಯನ್ನು ಪ್ರಕಟಿಸಿದಾಗ ಅದು ಏರಿಳಿತದ ಬಗ್ಗೆ ಏನನ್ನೂ ಹೇಳುವ ಸ್ಥಿತಿಯಲ್ಲಿರಲಿಲ್ಲ. ಆರು ವರ್ಷಗಳ ದಾಖಲೆ ಕೂಡಿದ ಬಳಿಕ, 2025ರಲ್ಲಿ, ಅನೈಸ್ ತನ್ನ ಫಲ ಡಾಮಾ ಕಂಡದ್ದಕ್ಕೆ ಸುಮಾರು ನಾಲ್ಕು ಸಿಗ್ಮಾ ಮಟ್ಟದಲ್ಲಿ ಹೊಂದುವುದಿಲ್ಲವೆಂದು ಪ್ರಕಟಿಸಿತು; ಕೊಸೈನ್ ಕೂಡ ಮೂರು ಸಿಗ್ಮಾ ಮೀರಿದ ವಿಸಂವಾದವನ್ನು ತೋರಿತು. ಸಿಗ್ಮಾ ಎಂಬುದು ಆಕಸ್ಮಿಕದಿಂದಲೇ ಇಂಥ ವ್ಯತ್ಯಾಸ ಬರುವ ಸಂಭವ ಎಷ್ಟು ಕಡಿಮೆಯೆಂದು ಹೇಳುವ ಅಳತೆ. ಮೂರು ಸಿಗ್ಮಾ ಎಂದರೆ ಸುಮಾರು 370ರಲ್ಲಿ ಒಂದು. ಹೀಗೆ ಈ ಹರಳುಗಳ ಎರಡು ತಿಂಗಳ ಕಾಣದಿರುವಿಕೆ ಸಂಶಯವಾಗಿಯೂ ಆರು ವರ್ಷಗಳ ಕಾಣದಿರುವಿಕೆ ಅರಿವಾಗಿಯೂ ನಿಲ್ಲುವುದರಿಂದ ಯೋಗ್ಯತೆಗೆ ತಾರತಮ್ಯವುಂಟೆಂದು ಒಪ್ಪಬೇಕಾಗುತ್ತದೆ. ಅದು ಇದೆ ಅಥವಾ ಇಲ್ಲ ಎಂಬಂತೆ ಪ್ರಾಚೀನರು ಬಹುಮಟ್ಟಿಗೆ ನಡೆಸಿದ ಚರ್ಚೆಗೆ ಹರಳುಗಳು ಸೇರಿಸುವ ಹೊಸ ಅಂಶ ಇದು.

ದೇವರ ಪ್ರಶ್ನೆಯನ್ನು ಈ ವಿಚಾರದಿಂದ ದೂರವಿಡಲಾಗದು, ಏಕೆಂದರೆ ಯೋಗ್ಯಾನುಪಲಬ್ಧಿಯ ಅತ್ಯಂತ ತೀಕ್ಷ್ಣವಾದ ಚರ್ಚೆ ನಡೆದದ್ದು ಅಲ್ಲಿಯೇ. ಮಿಥಿಲೆಯ ನೈಯಾಯಿಕ ಉದಯನನು ನ್ಯಾಯಕುಸುಮಾಂಜಲಿಯ ಮೂರನೆಯ ಸ್ತಬಕದಲ್ಲಿ, ಈಶ್ವರನು ಕಾಣುವುದಿಲ್ಲವಾದ್ದರಿಂದ ಇಲ್ಲ ಎನ್ನುವ ಚಾರ್ವಾಕನಿಗೆ ಉತ್ತರ ಕೊಡುತ್ತಾನೆ: ಕಾಣದ್ದೆಲ್ಲ ಇಲ್ಲವಾದರೆ ಮನೆಯಿಂದ ಹೊರಟ ಚಾರ್ವಾಕನಿಗೆ ಹೆಂಡತಿ ಮಕ್ಕಳೂ ಇಲ್ಲವಾಗಿ ಅವನು ಅಳುತ್ತ ಕೂರಬೇಕಾದೀತು, ಕಾಣಲು ಯೋಗ್ಯವಾದುದರ ಕಾಣದಿರುವಿಕೆ ಮಾತ್ರ ಬಾಧಕ, ಈಶ್ವರನೋ ಇಂದ್ರಿಯಗಳಿಗೆ ಯೋಗ್ಯನಲ್ಲ. ಈ ಉತ್ತರ ನಿರ್ದುಷ್ಟವಾಗಿದೆ. ಆದರೆ ಅದು ಈಶ್ವರನನ್ನು ನಿರಾಕರಣೆಯಿಂದ ಕಾಪಾಡುತ್ತದೆಯೇ ಹೊರತು ಸ್ಥಾಪಿಸುವುದಿಲ್ಲ ಎಂಬುದನ್ನು ಉದಯನನೇ ಚೆನ್ನಾಗಿ ಬಲ್ಲವನಾದ್ದರಿಂದ ಐದನೆಯ ಸ್ತಬಕದಲ್ಲಿ ಸಾಧಕ ಅನುಮಾನಗಳನ್ನು ಬೇರೆಯಾಗಿಯೇ ಹೂಡುತ್ತಾನೆ. ಕೃಷ್ಣದ್ರವ್ಯವೇ ಕಾಣದಿರುವಾಗ ದೇವರು ಕಾಣದಿರುವುದರಲ್ಲಿ ಏನು ಅಚ್ಚರಿ ಎಂಬ ಮಾತು ಇಂದು ಪ್ರವಚನಗಳಲ್ಲಿ ಹಗುರವಾಗಿ ಕೇಳಿಬರುತ್ತದೆ. ಉದಯನನ ಶಿಸ್ತು ಆ ಹಗುರತನಕ್ಕೆ ಎಡೆಗೊಡುವುದಿಲ್ಲ. ದೂರದರ್ಶಕದಲ್ಲಿ ಕಾಣದ ದೇವರು ಇಲ್ಲವೆನ್ನುವವರ ವಾದಕ್ಕೂ ಎಡೆಗೊಡುವುದಿಲ್ಲ.

ವಿಜ್ಞಾನಕ್ಕೂ ಇದೇ ಅಪಾಯವುಂಟು. ಪ್ರತಿಸಲ ಕಾಣದೆಹೋದಾಗ ಕಣ ಇನ್ನೂ ಹಗುರವಿರಬೇಕು, ಸ್ಪರ್ಶ ಇನ್ನೂ ಅಪರೂಪವಿರಬೇಕು ಎಂದು ವರ್ಣನೆಯನ್ನು ಬದಲಿಸುತ್ತ ಹೋದರೆ ವಸ್ತು ಮತ್ತೆ ಮತ್ತೆ ಸ್ವಭಾವದಿಂದ ದೂರವಾದ ವರ್ಗಕ್ಕೇ ಜಾರುತ್ತದೆ. ನೆಲದಾಳದ ಹರಳು ಇಲ್ಲವೆನ್ನುವುದು ಕೃಷ್ಣದ್ರವ್ಯವನ್ನಲ್ಲ, ಇಂಥ ತೂಕದ, ಇಂಥ ರೀತಿಯಲ್ಲಿ ತಾಕುವ, ಇಷ್ಟು ಮಿನುಗು ಕೊಡುವ ಕೃಷ್ಣದ್ರವ್ಯವನ್ನು. ವರ್ಣಿಸಿದ್ದನ್ನು ಮಾತ್ರ ಅದು ನಿರಾಕರಿಸಬಲ್ಲುದು.

ಸಜಾತೀಯವೆಂಬ ಮಾತಿನಲ್ಲಿಯೇ ಈಗ ಒಂದು ಸೂಕ್ಷ್ಮ ತಕರಾರು ಎದ್ದಿದೆ. ಎಲೆಕ್ಟ್ರಾನ್ ತಾಕಿದಾಗ ಹರಳು ಕೊಡುವ ಬೆಳಕಿಗಿಂತ ಅಷ್ಟೇ ಶಕ್ತಿಯಿಂದ ಪರಮಾಣು ಬೀಜ ಜಿಗಿದಾಗ ಕೊಡುವ ಬೆಳಕು ಬಹಳ ಕಡಿಮೆ. ಈ ತಗ್ಗುವಿಕೆಯ ಪ್ರಮಾಣವನ್ನು ಡಾಮಾ ತಂಡ ಸೋಡಿಯಂಗೆ 0.3 ಎಂದು ಇಟ್ಟುಕೊಂಡಿದ್ದರೆ ಈಚಿನ ಅಳತೆಗಳು ಅದಕ್ಕಿಂತ ಕಡಿಮೆ ಬೆಲೆಗಳನ್ನು ಕೊಟ್ಟಿವೆ. ಅದು ಹರಳಿನಿಂದ ಹರಳಿಗೆ ಬದಲಾಗುವುದಾದರೆ ಒಂದೇ ದ್ರವ್ಯದ ಎರಡು ಹರಳುಗಳು ಒಂದೇ ಕಣ್ಣಿನ ಜಾತಿಯವಲ್ಲವೆಂದಾಗುತ್ತದೆ, ವಿಸಂವಾದದ ಬಲವೂ ಅಷ್ಟರಮಟ್ಟಿಗೆ ತಗ್ಗುತ್ತದೆ. ಗ್ರಾನ್ ಸಾಸೊದ ಕೊಸೈನಸ್ ಪ್ರಯೋಗ ಇದಕ್ಕಾಗಿ ಸೋಡಿಯಂ ಅಯೊಡೈಡ್ ಹರಳನ್ನು ನಿರಪೇಕ್ಷ ಶೂನ್ಯದ ಸಮೀಪಕ್ಕೆ ತಂಪುಮಾಡಿ, ಒಂದೇ ಸ್ಪರ್ಶದಿಂದ ಹುಟ್ಟುವ ಬೆಳಕನ್ನೂ ಬಿಸಿಯನ್ನೂ ಒಟ್ಟಿಗೆ ಅಳೆಯುವ ಯೋಜನೆ ಹೂಡಿದೆ. ಬಿಸಿ ಶಕ್ತಿಯ ನಿಜ ಪ್ರಮಾಣವನ್ನೂ ಬೆಳಕು ತಾಕಿದವರಾರೆಂಬುದನ್ನೂ ಹೇಳುವುದರಿಂದ ಒಂದೇ ಹರಳಿನೊಳಗೆ ಕಣ್ಣು ಮತ್ತು ಕೈ ಎರಡೂ ಕೂಡಿದಂತಾಗುತ್ತದೆ. ಸೇಬರ್ ಯೋಜನೆಯು ಇಟಲಿಯೊಂದಿಗೆ ಆಸ್ಟ್ರೇಲಿಯದ ವಿಕ್ಟೋರಿಯಾ ಪ್ರಾಂತದ ಸ್ಟಾವೆಲ್ ಚಿನ್ನದ ಗಣಿಯಲ್ಲಿ, 1,025 ಮೀಟರ್ ಆಳದಲ್ಲಿ, ತನ್ನ ಇನ್ನೊಂದು ಜೊತೆ ಹರಳುಗಳನ್ನು ಇಡಲು ಹೊರಟಿದೆ. ಅಲ್ಲಿ ಜೂನ್ ಎಂದರೆ ಚಳಿಗಾಲ. ಏರಿಳಿತದ ಕಾರಣ ಋತುಮಾನದ ತೇವವೋ ಉಷ್ಣತೆಯೋ ಆಗಿದ್ದರೆ ಶಿಖರ ಆರು ತಿಂಗಳು ಸರಿಯಬೇಕು, ಗೆಲಾಕ್ಸಿಯ ಗಾಳಿಯೇ ಆಗಿದ್ದರೆ ಎರಡೂ ಗೋಲಾರ್ಧಗಳಲ್ಲಿ ಅದು ಜೂನ್‌ನಲ್ಲಿಯೇ ಇರಬೇಕು, ಎರಡೂ ಕಡೆ ಏನೂ ಕಾಣದಿದ್ದರೆ ಆ ಕಾಣದಿರುವಿಕೆಗೆ ಇದುವರೆಗಿನ ಯಾವ ಹರಳಿಗೂ ಇರದಿದ್ದ ಯೋಗ್ಯತೆ ಇರುತ್ತದೆ.